ಎಡ ಹಿಂದಿನ ಗಾಲಿಯ ಬೋಲ್ಟು

ಅಣ್ಣ ತೀರಿಕೊಂಡಾಗ ನಾನು ಅಳಲಿಲ್ಲ. ಯಲಬುರ್ಗಾ ಸಂತೆಯಲ್ಲಿ ಪಾತ್ರೆ ಹರಡಿ, ಚಹಾ ತರಿಸಿಕೊಂಡು ಕುಳಿತವನು ಎದೆ ಹಿಡಿದುಕೊಂಡನಂತೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಣ್ಣಿಗೆ ಬಂದವರು ನನ್ನ ಮುಖವನ್ನೇ ನೋಡುತ್ತಿದ್ದರು. ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಲೇಥಿಗೆ ಕಟ್ಟಿದ ಶಾಫ್ಟು ಅರ್ಧಕ್ಕೇ ನಿಂತಿದೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಅದೇ.

ನಾಲ್ಕನೆಯ ದಿನ ಗಂಗಾವತಿಯ ನನ್ನ ರಿಪೇರಿ ಅಂಗಡಿ ತೆರೆದೆ. ಹಸಿವೂ ಆಗುತ್ತಿತ್ತು, ನಿದ್ದೆಯೂ ಬರುತ್ತಿತ್ತು. ಒಂದು ದಿನ ಹೆಂಡತಿ ಸಾರಿಗೆ ಉಪ್ಪು ಹಾಕುವುದನ್ನು ಮರೆತಿದ್ದಳು. ಮಕ್ಕಳು ಗದ್ದಲ ಎಬ್ಬಿಸಿದಾಗ ನಾನು ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದೆ.

ಅಣ್ಣನ ಜೀಪನ್ನು ಯಾರೋ ತಂದು ಅಂಗಡಿಯ ಮುಂದೆ ನಿಲ್ಲಿಸಿದರು. ನನಗಿಂತ ವಯಸ್ಸಾದ ಗಾಡಿ ಅದು. ಅಪ್ಪ ಯಾವುದೋ ಸರ್ಕಾರಿ ಕಚೇರಿಯ ಹರಾಜಿನಲ್ಲಿ ಹಿಡಿದದ್ದು. ಹುಲಿಗಿಯ ಹತ್ತಿರ ದೊಡ್ಡ ಊರಿನ ಶೋಕಿಯ ಮಂದಿ ಅಣ್ಣನನ್ನು ತಡೆದು ಕೊಡುತ್ತೀಯಾ ಎಂದು ಕೇಳುತ್ತಿದ್ದರು. "ಇದು ಫೋಟೋ ತಕ್ಕೊಳ್ಳೋ ಗಾಡಿ ಅಲ್ರೀ, ದುಡಿಯೋ ಗಾಡಿ" ಎಂದು ಅವನು ಗೇರ್ ಹಾಕುತ್ತಿದ್ದ. ದುಡಿಯುತ್ತಿದ್ದದ್ದು ನಿಜ. ಸ್ಟೀಲ್ ಪಾತ್ರೆ ಹೇರಿಕೊಂಡು ಅವನೂ ಅವನ ಹೆಂಡತಿ, ನನ್ನ ಭಾಬಿಯೂ ಕುಷ್ಟಗಿ, ಯಲಬುರ್ಗಾ, ಅಳವಂಡಿಯ ಸಂತೆಗಳನ್ನು ತಿರುಗುತ್ತಿದ್ದರು. ಮರಳಿಯ ಹತ್ತಿರ ಭತ್ತ ಕೊಯ್ದ ಗದ್ದೆಯ ಬಯಲಿನಲ್ಲಿ ಅಣ್ಣನೇ ಭಾಬಿಗೆ ಗಾಡಿ ಹೊಡೆಯುವುದನ್ನು ಕಲಿಸಿದ್ದ.

ನಮ್ಮಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಕೂರುತ್ತಾಳೆ. ಮನೆಯ ಹೊಸ್ತಿಲು ದಾಟುವುದಿಲ್ಲ, ಮೈದುನನ ಎದುರಿಗೂ ಬರುವುದಿಲ್ಲ. ಹಾಗಾಗಿ ಭಾಬಿ ಬಾಗಿಲ ಪರದೆಯ ಆಚೆಯಿಂದಲೇ ಮಾತಾಡಿದರು. ಅವರು ಅಳವಂಡಿಯವರು, ಉರ್ದು ಮಾತಾಡುವ ನಮ್ಮ ಮನೆಗೆ ಬಂದ ಮೇಲೂ ಕನ್ನಡವನ್ನು ಬಿಟ್ಟವರಲ್ಲ.

"ಇದ್ದತ್ ಮುಗಿದ ಮರುದಿನಾನ ಸಂತಿಗೆ ಹೊಂಡ್ತೀನಿ ತಮ್ಮಾ. ಗಾಡಿ ನಾನ ಹೊಡೀತೀನಿ. ಗೇರ್‌ಬಾಕ್ಸ್ ಎಣ್ಣಿ ಸೋರ್ತೈತಿ, ಬ್ರೇಕೂ ಒಂದೀಟು ನೋಡಪಾ. ಕುಂತು ಉಣ್ಣಾಕ ನನ್ನ ಕೈಲೆ ಆಗೂದಿಲ್ಲ."

"ಆತ್ರೀ ಭಾಬಿ" ಎಂದೆ.

ಗೇರ್‌ಬಾಕ್ಸಿನ ಕೆಲಸ ಸುಲಭದ್ದು. ಎಣ್ಣೆ ಇಳಿಸುವ ಬಿರಡೆ ಕೂರುವ ತೂತಿನ ಥ್ರೆಡ್, ಅಂದರೆ ಬಿರಡೆಯನ್ನು ಹಿಡಿಯುವ ಸುತ್ತುಗೀರು, ಸವೆದು ನುಣ್ಣಗಾಗಿತ್ತು. ಅಪ್ಪನ ಕಾಲದಿಂದ ಬಿರಡೆಗೆ ಸೆಣಬಿನ ದಾರ ಸುತ್ತಿ, ಸಫೇದಾ ಎಂಬ ಬಿಳಿ ಲೇಪ ಬಳಿದು ನಡೆಸಿದ್ದರು. ತೂತನ್ನು ದೊಡ್ಡದು ಮಾಡಿ, ಹೊಸ ಥ್ರೆಡ್ ಕೊರೆದು, ಲೇಥಿನಲ್ಲಿ ಒಂದು ಬುಷ್ ಕಡೆದು ಕೂರಿಸಿದೆ. ಬುಷ್ ಅಂದರೆ ಒಳಗೂ ಹೊರಗೂ ಥ್ರೆಡ್ ಇರುವ ಉಂಗುರ. ಹಳೆಯ ಬಿರಡೆ ಅದರೊಳಗೆ ಬಿಗಿಯಾಗಿ ಕೂರುತ್ತದೆ.

ಆಮೇಲೆ ಎಡ ಹಿಂದಿನ ಗಾಲಿ ಬಿಚ್ಚಿದೆ. ಡ್ರಮ್ಮಿನೊಳಗೆ ಬ್ರೇಕನ್ನು ಒತ್ತುವ ಒಂದು ಪುಟ್ಟ ಸಿಲಿಂಡರ್ ಇರುತ್ತದೆ, ಅದನ್ನು ಹಿಂಬದಿಯಿಂದ ಎರಡು ಬೋಲ್ಟು ಹಿಡಿದಿರುತ್ತವೆ; ಅವು ಕಳಚಿದರೆ ಬ್ರೇಕ್ ಹೋದಂತೆಯೇ. ಒಂದರ ತಲೆಗೆ ತಂತಿ ಬಿಗಿದು ಇನ್ನೊಂದಕ್ಕೆ ಕಟ್ಟಿದ್ದರು. ತಂತಿ ಉಲ್ಟಾ ತಿರುಚಿತ್ತು. ಅಣ್ಣ ಎಡಚ, ಅವನು ತಿರುಚಿದ್ದೆಲ್ಲ ಹಾಗೆಯೇ. ತಂತಿ ಕತ್ತರಿಸಿದೆ, ಬೋಲ್ಟು ಬೆರಳಿಗೇ ಬಿಚ್ಚಿ ಬಂತು. ಮೈಗೆಲ್ಲ ತಾಮ್ರದ ತೆಳು ತಗಡು ಸುತ್ತಿತ್ತು. ತಗಡು ಬಿಡಿಸಿದಾಗ ಒಳಗೆ ಹಳದಿ ಲೇಪದ ಎಂಟು ಮಿಲ್ಲಿಮೀಟರಿನ ಬೋಲ್ಟು.

ಆ ಹಳೆಯ ಜೀಪಿನಲ್ಲಿ ಎಲ್ಲ ಇಂಚಿನ ಲೆಕ್ಕದ ಬೋಲ್ಟುಗಳು. ನಮ್ಮ ಕಡೆ ಈಗ ಬರುವ ಟ್ರ್ಯಾಕ್ಟರು, ಭತ್ತ ಕೊಯ್ಯುವ ಯಂತ್ರ ಎಲ್ಲವೂ ಮಿಲ್ಲಿಮೀಟರಿನವು. ಎಂಟು ಮಿಲ್ಲಿಗೂ ಆ ಇಂಚಿನ ಬೋಲ್ಟಿಗೂ ದಪ್ಪದಲ್ಲಿ ಕೂದಲೆಳೆಯ ವ್ಯತ್ಯಾಸ. ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯುತ್ತದೆ. ತುಕ್ಕು ಇರಬೇಕು ಅಂದುಕೊಂಡು ಪಾನಾಕ್ಕೆ, ಅಂದರೆ ಸ್ಪ್ಯಾನರಿಗೆ, ಪೈಪು ತೂರಿಸಿ ತಿರುಗಿಸಿದರೆ ಹೋಗಿಬಿಡುತ್ತದೆ, ಒಳಗಿನ ಥ್ರೆಡ್ಡನ್ನೆಲ್ಲ ಕಿತ್ತುಕೊಂಡು. ಹಾಗೆ ತಿರುಗಿಸಿದವನು ನಾನೇ. ಎರಡು ವರ್ಷದ ಹಿಂದೆ, ಕೊಯ್ಲಿನ ಕಾಲ. ಅಂಗಡಿಯ ತುಂಬ ಕೊಯ್ಯುವ ಯಂತ್ರಗಳು, ತಲೆಯ ಮೇಲೆ ನಿಂತ ಗಿರಾಕಿಗಳು. ಅಣ್ಣನ ಗಾಡಿಯ ಬ್ರೇಕ್ ಬಿಚ್ಚಿದಾಗ ಒಂದು ಬೋಲ್ಟು ಎಲ್ಲೋ ಬಿದ್ದುಹೋಯಿತು, ನನ್ನ ಡಬ್ಬಿಯಿಂದ ಒಂದು ತೆಗೆದು ಬಿಗಿದೆ. ಮನೆಯವರ ಗಾಡಿ ತಾನೆ, ಆಮೇಲೆ ನೋಡಿದರಾಯಿತು ಎಂಬ ಅಸಡ್ಡೆ.

ದುಃಖ ಬರಲಿಲ್ಲ. ಸಿಟ್ಟು ಬಂತು, ಅದೂ ಅಣ್ಣನ ಮೇಲೆ. ಒಂದು ಮಾತು ಬೈದು ಹೇಳಬಾರದಿತ್ತೇ? ಪಕ್ಕದಲ್ಲಿ ಹೆಂಡತಿಯನ್ನು ಕೂರಿಸಿಕೊಂಡು, ಹಿಂದೆ ಪಾತ್ರೆಯ ಭಾರ ಹೇರಿಕೊಂಡು, ತಗಡು ಸುತ್ತಿ ಎರಡು ವರ್ಷ ತಿರುಗಿದನಲ್ಲ!

ಭಾಬಿಗೆ ಹೇಳದೆ ಇರಬಹುದಿತ್ತು. ಎರಡು ದಿನ ಹಾಗೇ ಇದ್ದೆ. ಮೂರನೆಯ ದಿನ ಬೋಲ್ಟನ್ನು ಜೇಬಿಗೆ ಹಾಕಿಕೊಂಡು ಹೋಗಿ ಪರದೆಯ ಈಚೆ ನಿಂತೆ.

"ಭಾಬಿ, ಬ್ರೇಕಿನ ಥ್ರೆಡ್ ಕೆಡಿಸಿದಾಂವ ನಾನರೀ. ನಿಮಗೇನರ ಆಗಿದ್ರ..."

ಒಳಗೆ ಜಪಮಾಲೆಯ ಸದ್ದು ನಿಂತಿತು.

"ಗೊತ್ತೈತಿ ತಮ್ಮಾ. ಪ್ರತಿ ಸಂತಿ ದಿನ ಮುಂಜಾನೆ ಗಾಡಿ ಬುಡಕ ಮಲಗಿ ಅದನ್ನ ಬಿಗಿ ಮಾಡ್ತಿದ್ರು. ಇಳಿಜಾರಿನ್ಯಾಗ ಗೇರ್ ಮ್ಯಾಲನ ಇಳಸ್ತಿದ್ರು. ತಮ್ಮಗ ಹೇಳ್ರಿ ಅಂದ್ರ, ಬ್ಯಾಡ ಅಂದ್ರು. ಅವನ ಕೈ ನಂಬಿ ಮಂದಿ ಬರ್ತಾರ, ಹೇಳಿದ್ರ ಅವನ ಕೈ ನಡುಗ್ತೈತಿ ಅಂದ್ರು."

ನಾನು ಅಂಗಡಿಗೆ ಬಂದೆ. ಇನ್ನೊಂದು ಬುಷ್ ಕಡೆದೆ, ಒಳಗೆ ಇಂಚಿನ ಥ್ರೆಡ್. ಮೂರು ಸಲ ಅಳತೆ ನೋಡಿದೆ. ಕೈ ನಡುಗಿತು, ಅಣ್ಣ ಹೇಳಿದ ಹಾಗೆಯೇ. ಮೊದಲನೆಯದು ಕೆಟ್ಟಿತು, ಎರಡನೆಯದೂ ಕೆಟ್ಟಿತು. ಮೂರನೆಯದು ಕೂತಿತು. ಖಾಲಿ ರಸ್ತೆಯಲ್ಲಿ ನಾನೇ ಗಾಡಿ ಓಡಿಸಿ ಹತ್ತಾರು ಸಲ ಬ್ರೇಕ್ ತುಳಿದೆ.

ಇದ್ದತ್ ಮುಗಿದ ಮರುದಿನ ಬೆಳಿಗ್ಗೆ ಭಾಬಿ ಹೊರಗೆ ಬಂದರು. ಸೊರಗಿಹೋಗಿದ್ದರು. ಕೂದಲು ಕಿವಿಯ ಹತ್ತಿರ ಬೆಳ್ಳಗಾಗಿತ್ತು. ಪಾತ್ರೆ ಹೇರಿ ಆಗಿತ್ತು. ಅಣ್ಣನ ಸೀಟಿನ ಕೆಳಗೆ ಸಿಕ್ಕ ಪಾನಾವನ್ನು ಅವರ ಮುಂದೆ ಹಿಡಿದೆ. ಹಿಡಿ ಸವೆದು ಹೊಳೆಯುತ್ತಿತ್ತು.

"ಹೊಂಡೂ ಮೊದಲು ಒಮ್ಮಿ ಬಿಗಿ ನೋಡ್ರಿ ಭಾಬಿ. ಇಲ್ಲಾಂದ್ರ ಯಾರನ್ನರ ಕರದು ತೋರಸ್ರಿ."

ಅವರು ಪಾನಾ ನೋಡಿದರು, ನನ್ನನ್ನು ನೋಡಿದರು. ತೆಗೆದುಕೊಳ್ಳಲಿಲ್ಲ.

"ನೀ ಬಿಗಿ ಮಾಡೀಯಲ್ಲ" ಎಂದು ಹತ್ತಿ ಕುಳಿತು ಗಾಡಿ ಶುರು ಮಾಡಿದರು.

ಓಣಿಯ ತಿರುವಿನಲ್ಲಿ ಒಂದು ಎಮ್ಮೆ ಅಡ್ಡ ಬಂತು. ಜೀಪು ನಿಂತಿತು. ಎಮ್ಮೆ ದಾಟಿದ ಮೇಲೆ ಮುಂದೆ ಹೋಯಿತು. ನಾನು ಅಂಗಡಿಗೆ ಬಂದು, ಬಾಗಿಲು ಅರ್ಧ ಎಳೆದುಕೊಂಡು, ಆ ಪಾನಾ ಹಿಡಿದುಕೊಂಡೇ ಅತ್ತೆ. ಅಣ್ಣ ಹೋಗಿ ಆಗಲೇ ನಾಲ್ಕು ತಿಂಗಳು ಹತ್ತು ದಿನ ಕಳೆದಿತ್ತು.