ಹೆಣ್ಣುಕುದುರೆಯವನ ದೇಶ

ಬರೋಡಾದ ಫತೇಗಂಜ್‌ಗೆ ನಾವು ಬಂದ ಮೊದಲ ವಾರ, ಪಕ್ಕದ ಮನೆಯ ಅಜ್ಜಿ ಜಗಲಿಯಲ್ಲಿ ಗೋಧಿ ಹಸನು ಮಾಡುತ್ತ, “ತಮಾರೋ ದೇಶ ಕಯೋ?” ಎಂದು ಕೇಳಿದರು. ನಿಮ್ಮ ದೇಶ ಯಾವುದು ಎಂಬಷ್ಟು ತಿಳಿಯಿತು. ಸೆರಗು ಸರಿಮಾಡಿಕೊಂಡು “ಹಿಂದೂಸ್ತಾನ” ಎಂದೆ. ಅವರು ನಕ್ಕ ನಗೆಗೆ ಮೊರದ ಗೋಧಿಯೆಲ್ಲ ನೆಲಕ್ಕೆ ಚೆಲ್ಲಿತು. ಅವರ ಮಾತಿನಲ್ಲಿ ದೇಶವೆಂದರೆ ಹುಟ್ಟೂರು. ಇಬ್ಬರೂ ಕೂತು ಗೋಧಿ ಆರಿಸುವಾಗ ‘ಧಾರವಾಡ’ ಎನ್ನಲು ಹೇಳಿಕೊಟ್ಟೆ. ಹಿರಿಯರೆಂದು ಓಣಿಯವರೆಲ್ಲ ಅವರನ್ನು ‘ಬಾ’, ಅಂದರೆ ತಾಯಿ, ಎನ್ನುತ್ತಿದ್ದರು. ನಾನೂ ಹಾಗೇ ಅಂದೆ. ಕನ್ನಡದಲ್ಲಿ ಕರೆದಂತೆಯೂ ಆಗುತ್ತಿತ್ತು, ಅವರು ಬಂದೂ ಬಿಡುತ್ತಿದ್ದರು.

ನಮ್ಮ ಮನೆಯವರದು ರೈಲ್ವೆ ನೌಕರಿ. ಅವರು ಡಬ್ಬಿ ಹಿಡಿದು ಹೊರಟ ಮೇಲೆ, ಬೇಳೆ ಬೇಯುವ ಹೊತ್ತಿನಲ್ಲಿ, ನಾನು ಕಾದಂಬರಿ ಬರೆಯುತ್ತಿದ್ದೆ. ನನ್ನ ಮೊದಲನೆಯದು. ನಮ್ಮಜ್ಜಿ ಬೀಸುವಾಗ ಹಾಡುತ್ತಿದ್ದ ಬಂಡುಕೋರನ ಕಥೆ. ಹಾಡಿನಲ್ಲಿ ಅವನು ಗಲ್ಲಿಗೇರುತ್ತಾನೆ. ನನ್ನ ಕಥೆಯಲ್ಲಿ ತಪ್ಪಿಸಿಕೊಂಡು ಸೀಮೆಯಿಂದ ಸೀಮೆಗೆ ಓಡುತ್ತಾನೆ. ಹೋದಲ್ಲೆಲ್ಲ ಚೌಕಿಯವರು ನೀನು ಎಲ್ಲಿಯವನೆಂದು ತಡೆಯುತ್ತಾರೆ. ಊರ ಕಡೆಯ ಮಾಸಪತ್ರಿಕೆಯ ಸಂಪಾದಕರು ಮೆಚ್ಚಿ ಕಾಗದ ಬರೆದರು, ಒಂದು ಷರತ್ತಿನೊಡನೆ. ಗಡಿಯಲ್ಲಿ ಯುದ್ಧ ಈಗಷ್ಟೇ ಮುಗಿದಿದೆ, ಕೊನೆಯಲ್ಲಿ ಅವನು ದೇಶಕ್ಕೆ ಜಯಕಾರ ಹಾಕಿ ಪ್ರಾಣ ಬಿಡಲಿ. ಇಲ್ಲದಿದ್ದರೆ ಪ್ರಕಟಿಸುವುದು ಕಷ್ಟ. ಬರೆದದ್ದನ್ನು ಅಚ್ಚಿನಲ್ಲಿ ನೋಡುವ ಆಸೆ ನನಗೆ ಬಹಳ. ಆ ಜಯಕಾರವನ್ನು ಎಂಟು ದಿನ ಬರೆದೆ, ಎಂಟು ದಿನವೂ ಹೊಡೆದುಹಾಕಿದೆ.

“ನಿನ್ನ ಕಳ್ಳ ಇನ್ನೂ ಬದುಕ್ಯಾನೇನು?” ಎಂದು ನಮ್ಮ ಮನೆಯವರು ದಿನಾ ಊಟಕ್ಕೆ ಕೂತಾಗ ಕೇಳುತ್ತಿದ್ದರು.

ಕಡೆಗೊಮ್ಮೆ ಹಪ್ಪಳ ಲಟ್ಟಿಸುತ್ತ ಕೂತಾಗ, ನನ್ನ ಹರಕು ಹಿಂದಿಯಲ್ಲಿ ಬಾ ಅವರಿಗೆ ಕಥೆ ಹೇಳಿದೆ. ಅವರು ಕಾಠಿಯಾವಾಡದವರು. ಅರಸನ ಮೇಲೆ ಮುನಿದು ಊರಿಂದ ಹೊರಬಿದ್ದವನನ್ನು ಅಲ್ಲಿ ‘ಬಹಾರವಟಿಯೋ’ ಎನ್ನುತ್ತಾರಂತೆ. ನನ್ನ ಬಂಡುಕೋರನನ್ನು ಚಿಕ್ಕಂದಿನಿಂದ ಬಲ್ಲವರ ಹಾಗೆ ತಿದ್ದತೊಡಗಿದರು. ಅವನು ತಿನ್ನುವುದು ಜೋಳದ ರೊಟ್ಟಿಯಲ್ಲ, ಸಜ್ಜೆಯದು, ಬೆಳ್ಳುಳ್ಳಿ ಚಟ್ನಿಯ ಜೊತೆ. ಗಂಡು ಕುದುರೆ ಬೇಡವೇ ಬೇಡ. ಅಡಗಿ ಕೂತಾಗ ಕೆನೆದು ಹಿಡಿದುಕೊಡುತ್ತದೆ. ಘೋಡಿಯೇ ಬೇಕು, ಹೆಣ್ಣು ಕುದುರೆ. ಎಲ್ಲಕ್ಕೂ ಹೂಂ ಅಂದೆ. ಜಯಕಾರದ ಮಾತು ಬಂದಾಗ ಮಾತ್ರ ಅವರ ಲಟ್ಟಣಿಗೆ ನಿಂತಿತು.

“ಚೌಕಿಯವ ಕೇಳಿದ್ದು ನಿನ್ನ ದೇಶ ಯಾವುದು ಅಂತ ತಾನೇ? ಊರ ಹೆಸರು ಹೇಳಿದರಾಯ್ತು. ಅದಕ್ಯಾಕೆ ಕೂಗಬೇಕು?”

ಅಂದು ಸಂಜೆ ಒಲೆ ಹಚ್ಚುವ ಮುಂಚೆಯೇ ಕೊನೆಯ ಪುಟ ಮುಗಿಯಿತು. ಚೌಕಿಯವ ದೇಶ ಯಾವುದೆಂದು ಕೇಳುತ್ತಾನೆ. ಇವನು ಹಿಂದಿನ ದಿನ ತನಗೆ ರೊಟ್ಟಿ ಹಾಕಿದ ಮುದುಕಿಯ ಊರು ಹೇಳುತ್ತಾನೆ. ಅಲ್ಲಿ ನನ್ನ ಸೋದರತ್ತೆ ಇದ್ದಾಳಲ್ಲ ಎಂದು ಚೌಕಿಯವ ಅಡ್ಡಗಂಬ ಎತ್ತುತ್ತಾನೆ. ಘೋಡಿ ದಾಟಿ ಹೋಗುತ್ತದೆ. ಇದೇ ಕೊನೆ, ಬೇಡವಾದರೆ ಹಿಂದಕ್ಕೆ ಕಳಿಸಿ ಎಂದು ಬರೆದು ಅಂಚೆಗೆ ಹಾಕಿದೆ.

ತಿಂಗಳಾದ ಮೇಲೆ ಕಾರ್ಡು ಬಂತು: ಕಂತುಕಂತಾಗಿ ಹಾಕುತ್ತೇವೆ, ಆದರೆ ‘ದೇಶ’ ಎಂಬ ಪದಕ್ಕೆ ಅಡಿಟಿಪ್ಪಣಿ ಬೇಕು. ‘ಯಾರಾದರೂ ಕೇಳಿದಾಗ ಮೊದಲು ಬಾಯಿಗೆ ಬರುವ ಊರು’ ಎಂದು ಬರೆದು ಕಳಿಸಿದೆ.

ಕೊನೆಯ ಕಂತಿನ ಸಂಚಿಕೆ ಬಂದ ದಿನ ಬಾ ಕೈ ಒರೆಸಿಕೊಂಡು ಪುಟ ತಿರುವಿದರು. ಕನ್ನಡದ ಒಂದಕ್ಷರವೂ ಅವರಿಗೆ ಬಾರದು.

“ಘೋಡಿ ಎಲ್ಲಿದೆ?” ಎಂದರು.

ಅವರ ಬೆರಳು ಹಿಡಿದು ಆ ಸಾಲಿನ ಮೇಲಿಟ್ಟೆ.