ಹೊರಗಿನ ಪರದೆ

ಕಂಪ್ಯೂಟರ್ ದುರಸ್ತಿಗೆಂದು ಊರೂರು ಅಲೆಯುತ್ತಿದ್ದ ಕಾಲವದು. ಬೀಳಗಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯಿಂದ ಕರೆ ಬಂತು. ಕಬ್ಬಿನ ಟ್ರ್ಯಾಕ್ಟರ್ ತೂಗುವ ಕಾಟಾದ ಕಂಪ್ಯೂಟರಿಗೆ ಎರಡು ಮಾನಿಟರ್. ಒಂದು ಗುಮಾಸ್ತರ ಮುಂದೆ, ಇನ್ನೊಂದು ರೈತರಿಗೆ ತೂಕ ಕಾಣಲೆಂದು ಕಿಟಕಿಯಾಚೆಗೆ ಮುಖ ಮಾಡಿದ್ದು. ಚಾಲೂ ಮಾಡಿದರೆ ಮೊದಲ ಅಕ್ಷರಗಳೆಲ್ಲ ಹೊರಗಿನದರಲ್ಲೇ ಮೂಡುತ್ತಿದ್ದವು. ವಿಂಡೋಸ್ ಬರುವವರೆಗೆ ಗುಮಾಸ್ತರದು ಬರೀ ಕಪ್ಪು.

ನಾನು ಹೋದಾಗ ಸಾಲಿನ ಮೊದಲಲ್ಲಿದ್ದ ಮುದುಕರೊಬ್ಬರು ಪರದೆ ನೋಡಿ ಕೂಗುತ್ತಿದ್ದರು. "ಸಾಹೇಬ್ರ, ನಡುವ ನಿಂತೈತ್ ನೋಡ್ರಿ. ಎಫ್ ಒನ್ ಗುಂಡಿ ಒತ್ರಿ!" ಗುಮಾಸ್ತರು ಒತ್ತಿದರು.

ನನಗೆ ನಗು ಬಂತು. ಹಿಂದಿನ ಎರಡು ಕೇಬಲ್ ಅದಲುಬದಲು ಮಾಡಿ ಮತ್ತೆ ಚಾಲೂ ಮಾಡಿದೆ. ಅಕ್ಷರಗಳು ಒಳಗೆ ಬಂದವು, ಹೊರಗೆ ಕತ್ತಲಾಯಿತು.

"ಯಾಕ ಕಪ್ಪಾತು? ಒಳಗ ಏನ ಮಾಡಾಕತ್ತೀರಿ?" ಮುದುಕರ ದನಿಯೇ ಬದಲಾಗಿತ್ತು.

"ಅಜ್ಜಾರ, ತೂಕ ಆಮ್ಯಾಲ ಬರತೈತ್ರಿ," ಎಂದೆ.

"ಅದು ಕಣ್ಣ ತೆರದಾಗಿಂದ ನಾವ ನೋಡ್ಕೋತ ಬಂದೀವಿ. ಈಗ ಮುಚ್ಚಿಟ್ಟ ತೂಗಿದ್ರ ನಾ ಗಾಡಿ ಹತ್ತಸಂಗಿಲ್ಲ."

ಹಿಂದಿನ ಟ್ರ್ಯಾಕ್ಟರಿನವರೂ ಒಬ್ಬೊಬ್ಬರಾಗಿ ಇಂಜಿನ್ ಬಂದ್ ಮಾಡಿದರು. ಗುಮಾಸ್ತರು ಮೆಲ್ಲಗೆ, "ಮೊದಲಿನಂಗ ಮಾಡಿಬಿಡ್ರಿ," ಅಂದರು. ಮಾಡಿದೆ. ಮುದುಕರು ಕೂಗಿದರು, ಗುಮಾಸ್ತರು ಒತ್ತಿದರು, ಟ್ರ್ಯಾಕ್ಟರ್ ಕಾಟಾ ಏರಿತು.

ನನ್ನ ಚೀಟಿಯಲ್ಲಿ ಗುಮಾಸ್ತರು 'ದೋಷ ಸರಿಪಡಿಸಲಾಗಿದೆ' ಎಂದು ಬರೆದು ಸಹಿ ಹಾಕಿಕೊಟ್ಟರು. ಈಗಲೂ ಮನೆಯ ಕಂಪ್ಯೂಟರ್ ಚಾಲೂ ಆಗುವಾಗ ಕಪ್ಪಗೆ ನಿಂತರೆ, ನನ್ನ ಕಿವಿ ಕಿಟಕಿಯ ಕಡೆಗೇ ಹೋಗುತ್ತದೆ.