ಜೇಜೂರಿಯಲ್ಲಿ ನಾನು ಚೆಲ್ಲಿದ ಭಂಡಾರ

ಸಂಡಾಸಿನಲ್ಲಿ ಕೂತವನಿಗೆ ಏಳಲು ಆಗಲಿಲ್ಲ. ಬಲಗಾಲು ಊರಿದರೆ ತೊಡೆಸಂದಿನಲ್ಲಿ ಕಾದ ಸಲಾಕೆ ತೂರಿದಂತೆ ಆಗುತ್ತಿತ್ತು. ಗೋಡೆ ಹಿಡಿದೆ, ನಲ್ಲಿ ಹಿಡಿದೆ, ಮತ್ತೆ ಕುಸಿದೆ. ಹೊರಗೆ ಡಬ್ಬಿ ಹಿಡಿದು ನಿಂತವರು ಬಾಗಿಲು ಬಡಿಯುತ್ತಿದ್ದರು.

“ಏ ಮಾಳ್ಯಾ, ಒಳಗ ಸಂಸಾರ ಹೂಡೀದಿ ಏನ್ಲೇ?”

“ಬಿಡ್ರಪಾ, ಅಲ್ಲೀನೂ ಟೈಲ್ಸ್ ಹಾಕ್ಲಾಕತ್ತಾನ ಅವ.”

ನಕ್ಕರು. ಕೊನೆಗೆ ನನ್ನ ಹೆಂಡತಿ ರೇಣುಕಾಳನ್ನು ಕರೆಸಿ, ಚಿಲಕ ಮುರಿದು, ಇಬ್ಬರು ಕಂಕುಳಿಗೆ ಕೈ ಹಾಕಿ ನನ್ನನ್ನು ಎತ್ತಿ ತಂದರು. ಒಂದು ಕೈಯಲ್ಲಿ ಚಡ್ಡಿ ಹಿಡಿದುಕೊಂಡೇ ಇದ್ದೆ. ದೇವರ ಕೃಪೆ ಬರೆಯುವಾಗ ಸಂಡಾಸಿನ ಮಾತು ಯಾಕೆ ಎಂದು ಇದನ್ನು ಓದುವ ನಮ್ಮ ಮೈಲಾರಪ್ಪನ ಭಕ್ತರಲ್ಲಿ ಕೆಲವರು ಮೂಗು ಮುರಿಯುತ್ತೀರಿ. ಮುರಿಯಿರಿ. ನನ್ನ ಕಷ್ಟ ಊರಿಗೆಲ್ಲ ಗೊತ್ತಾದದ್ದು ಅಲ್ಲೇ.

ನಾನು ಮಾಳಪ್ಪ. ಯಾದಗಿರಿ ಕಡೆಯವನು. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಪುಣೆಗೆ ಬಂದೆ. ಕೊಂಢವಾದಲ್ಲಿ ಇರುತ್ತೇನೆ. ನೆಲಕ್ಕೆ ಟೈಲ್ಸ್ ಹಾಕುವುದು ನನ್ನ ಕೆಲಸ. ಈ ಕೆಲಸದಲ್ಲಿ ನಿಲ್ಲುವುದಿಲ್ಲ, ಕುರ್ಚಿಯಲ್ಲಿ ಕೂರುವುದಿಲ್ಲ. ಬೆಳಗಿನಿಂದ ಸಂಜೆತನಕ ಕುಕ್ಕರುಗಾಲಿನಲ್ಲಿ ಕೂತು ಹಿಂದೆ ಹಿಂದೆ ಸರಿಯಬೇಕು. ಕಾಲು ಮಡಚಲು ಆಗದವನಿಗೆ ಈ ಕೆಲಸ ಇಲ್ಲ. ನನಗೆ ಬೇರೆ ಕೆಲಸ ಬರುವುದಿಲ್ಲ.

ಮೊದಲು ನೋಯುತ್ತಿದ್ದದ್ದು ಮೊಣಕಾಲು ಮತ್ತು ನಡು. ಅದಕ್ಕೆ ಔಷಧಿ ಕೊಟ್ಟವರು ನಮ್ಮ ಸಾಬಣ್ಣ ಕಾಕಾ. ಕಾಕಾ ಯಾರೆಂದು ನಿಮಗೆಲ್ಲ ಗೊತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ವಸ್ತಿಯಲ್ಲಿ, ಅಂದರೆ ನಾವು ಕೂಲಿಯವರು ಇರುವ ಕೇರಿಯಲ್ಲಿ, ಆದಿತ್ಯವಾರಕ್ಕೊಮ್ಮೆ ಮೈಲಾರಪ್ಪನ ಪೂಜೆ ನಡೆಸುವ ಹಿರಿಯರು. ಇಲ್ಲಿಯ ಜನ ಖಂಡೋಬಾ ಎನ್ನುವ ದೇವರನ್ನೇ ನಾವು ಮೈಲಾರಪ್ಪ ಎನ್ನುತ್ತೇವೆ. ಊರಿಗೆ ಹೋಗಿ ಬರುವಾಗ ಕಾಕಾ ದೌಂಡದಲ್ಲಿ ರೈಲು ಇಳಿದು ಅಲ್ಲಿಯ ಒಬ್ಬ ವೈದ್ಯನಿಂದ ಮೈಕೈ ನೋವಿನ ಪುಡಿ ತರುತ್ತಿದ್ದರು. ಬರೀ ಪುಡಿಯನ್ನು ಯಾರಿಗೂ ಕೊಡುತ್ತಿರಲಿಲ್ಲ. ದೇವರ ಮುಂದೆ ಕೂತು ಅದನ್ನು ಭಂಡಾರದಲ್ಲಿ, ಅಂದರೆ ದೇವರ ಅರಿಶಿನದಲ್ಲಿ ಕಲಸಿ, ಎಲ್ಲರ ಸೊಂಟದ ಚೀಲಕ್ಕೂ ತುಂಬುತ್ತಿದ್ದರು.

“ಬರೀ ಔಷಧ ಮೈಗಿ ಹತ್ತಂಗಿಲ್ಲ ತಮ್ಮಾ. ಅಪ್ಪನ ಭಂಡಾರ ಕೂಡಿದ್ರ ಹತ್ತತಾದ” ಎಂದರು.

ಹತ್ತಿತು. ಅದು ಸುಳ್ಳಲ್ಲ. ದಿನ ಬೆಳಗ್ಗೆ ಚೀಲದಿಂದ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ‘ಏಳುಕೋಟಿ’ ಎಂದು ಅಪ್ಪನ ಜೈಕಾರ ಹಾಕಿದರೆ ನೋವು ಮಾಯ. ಹಸಿವು ಹೆಚ್ಚಾಯಿತು. ಕೆನ್ನೆ ತುಂಬಿತು. “ನಿಮ್ಮ ಮಾರಿ ಮ್ಯಾಲ ಕಳಾ ಬಂದಾದ ನೋಡ್ರಿ” ಎಂದು ರೇಣುಕಾ ದೃಷ್ಟಿ ತೆಗೆದಳು. ಎರಡು ವರ್ಷಕ್ಕೂ ಹೆಚ್ಚು ಹೀಗೇ ತಿಂದೆ. ಭಂಡಾರ ಎಂದೇ ತಿಂದೆ. ನಮ್ಮವರೆಲ್ಲ ತಿಂದರು, ತಿನ್ನುತ್ತಿದ್ದಾರೆ.

ಆಮೇಲೆ ತೊಡೆಸಂದಿನಲ್ಲಿ ನೋವು ಶುರುವಾಯಿತು. ಕುಂಟತೊಡಗಿದೆ. ಕಾಕಾ, “ಎರಡು ಚಿಟಿಗಿ ತಗೋ” ಎಂದರು. ತಗೊಂಡೆ. ವಸ್ತಿಯ ಡಾಕ್ಟರ್ ನಡುವಿನ ನರ ಹಿಡಿದಿದೆ ಎಂದು ಗುಳಿಗೆ ಕೊಟ್ಟ. ಅದನ್ನೂ ಒಂದು ವಾರ ನುಂಗಿ ಬಿಟ್ಟೆ. ಕೆಲಸ ಹಂಚುವ ಮುಕಾದಮ ನನ್ನನ್ನು ನೆಲದ ಕೆಲಸದಿಂದ ತೆಗೆದು ಸಿಮೆಂಟು ಕಲಸಲು ಹಾಕಿದ. ಆಮೇಲೆ ಬರಬೇಡ ಎಂದ. ಸಂಡಾಸಿನ ಕಥೆ ನಡೆದದ್ದು ಆಗ.

“ಜೇಜೂರಿಗಿ ಹೋಗಿ ಅಪ್ಪನ್ನೇ ಕೇಳಮು ನಡೀರಿ” ಎಂದಳು ರೇಣುಕಾ. ಜೇಜೂರಿಯ ಗುಡ್ಡದ ಮೇಲೆ ಮೈಲಾರಪ್ಪನ ದೊಡ್ಡ ಗುಡಿ ಇದೆ. ಆದಿತ್ಯವಾರ ಬಸ್ಸು ಹಿಡಿದೆವು. ಬಸ್ಸು ತುಂಬಿತ್ತು. ಕೋಲು ಹಿಡಿದವನಿಗೂ ಯಾರೂ ಜಾಗ ಬಿಡಲಿಲ್ಲ. ಹಡಪಸರದ ಗದ್ದಲ ದಾಟುವವರೆಗೂ ಕಂಬಕ್ಕೆ ಜೋತುಬಿದ್ದು ನಿಂತಿದ್ದೆ. ಮೊದಲನೇ ಘಾಟಿ ಹತ್ತುವಾಗ ಒಬ್ಬ ಕುಡುಕ ಎದ್ದು, “ಬಸ್ ರೇ ಭಾವೂ”, ಕೂತ್ಕೋ ತಮ್ಮಾ, ಎಂದು ತನ್ನ ಜಾಗದಲ್ಲಿ ಕೂರಿಸಿದ. ದೇವಸ್ಥಾನಕ್ಕೆ ಹೊರಟ ಬಸ್ಸಿನಲ್ಲಿ ಕುಡಿದವನಿಗೆ ಇದ್ದ ಕರುಣೆ ಉಳಿದವರಿಗೆ ಇರಲಿಲ್ಲ.

ಜೇಜೂರಿ ಗುಡ್ಡದ ಮೆಟ್ಟಿಲು ಹತ್ತಲು ಶುರು ಮಾಡಿದೆ. ಸ್ವಲ್ಪ ಹತ್ತಿದ್ದೆ ಅಷ್ಟೇ, ಬಲಗಾಲು ಸತ್ತಂತೆ ಮಡಚಿತು. ಬಿದ್ದೆ. ಕೋಲು ಕೆಳಗೆ ಉರುಳಿತು. ರೇಣುಕಾ ನನ್ನನ್ನು ಎಳೆದು ದೀಪಮಾಲೆ ಕಂಬದ ಕಟ್ಟೆಗೆ ಒರಗಿಸಿದಳು. ಹೊಸದಾಗಿ ಮದುವೆಯಾದ ಹುಡುಗರು ಹೆಂಡಂದಿರನ್ನು ಎತ್ತಿಕೊಂಡು ನಮ್ಮ ಮುಂದೆಯೇ ಹತ್ತುತ್ತಿದ್ದರು. ಅಲ್ಲಿ ಅದು ಪದ್ಧತಿ. ನಾನೂ ರೇಣುಕಾಳನ್ನು ಹಾಗೆ ಎತ್ತಿಕೊಂಡು ಹತ್ತಿದವನೇ. ಅವಳು ಆ ಕಡೆ ನೋಡಲಿಲ್ಲ.

ನನಗೆ ಸಿಟ್ಟು ಬಂತು. ಅಳು ಅಲ್ಲ, ಸಿಟ್ಟು. ಗುಡ್ಡದ ಕಡೆ ಮುಖ ಮಾಡಿ ಕೂಗಿದೆ.

“ಮೈಲಾರಪ್ಪಾ, ದಿನಾ ನಿನ್ನ ಭಂಡಾರ ತಿಂದೀನಿ. ತಿಂದವ್ಗ ಹಿಂಗ್ ಮಾಡ್ತೀಯೇನು? ಕಾಲಾರ ಕೊಡು, ಇಲ್ಲಾಂದ್ರ ಒಯ್ದುಬಿಡು. ಹಿಂಗ ಕುಂಡ್ರಸಬ್ಯಾಡ. ತಗೋ ನಿಂದು ನಿನಗೇ!”

ಸೊಂಟದ ಚೀಲ ಬಿಚ್ಚಿದೆ. ಆ ವಾರವಷ್ಟೇ ಕಾಕಾ ತುಂಬಿ ಕೊಟ್ಟ ಚೀಲ. ಅಷ್ಟನ್ನೂ ಮುಗಿಲಿಗೆ ತೂರಿದೆ. ಅಲ್ಲಿ ಎಲ್ಲರೂ ತೂರುತ್ತಾರೆ, ಆದರೆ ಮುಷ್ಟಿ ಮುಷ್ಟಿ ತೂರುತ್ತಾರೆ. ನಾನು ಚೀಲವನ್ನೇ ಕೊಡವಿದೆ. ಮೆಟ್ಟಿಲು ಇಳಿಯುತ್ತಿದ್ದ ಒಬ್ಬ ಮರಾಠಿ ಮುದುಕಿ ತಲೆಯಿಂದ ಕಾಲಿನವರೆಗೆ ಹಳದಿಯಾದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಬೊಚ್ಚು ಬಾಯಿ ತೆರೆದು ನಕ್ಕಳು. ಮನೆಗೆ ಒಂದಿಷ್ಟು ಇಟ್ಟುಕೊಳ್ಳಬಾರದಿತ್ತೇ ಮಗನೇ ಎಂದು ಮರಾಠಿಯಲ್ಲಿ ಕೇಳಿ, ಸೆರಗಿನಲ್ಲಿ ಬಿದ್ದದ್ದನ್ನು ನನ್ನ ಹಣೆಗೇ ಹಚ್ಚಿ ಹೋದಳು.

ಮನೆಗೆ ಬಂದ ಮೇಲೆ ರೇಣುಕಾ ಕಾಕಾ ಹತ್ತಿರ ಮತ್ತೆ ಭಂಡಾರ ಕೇಳಲು ಹೋದಳು. ನಡೆದದ್ದನ್ನು ಹೇಳಿಬಿಟ್ಟಳು. ಕಾಕಾ ಕೆಂಡವಾದರು.

“ಔಷಧ ಕೂಡಿಸಿದ್ದು ಗಾಳಿಗಿ ತೂರ್ಯಾನಾ? ಸೊಕ್ಕು ಬಂದಾದ ಅವ್ನಿಗಿ. ನಾ ಕೊಡಂಗಿಲ್ಲ. ಮುಂದಿನ ಸಲ ದೌಂಡಕ್ಕ ಹೋಗಿ ತಂದ್ಮ್ಯಾಲ ನೋಡಮು. ಅಲ್ಲೀತನಕ ಅನುಭವಿಸ್ಲಿ.”

ಅನುಭವಿಸಿದೆ. ಮೊದಲು ಊಟ ಸೇರಲಿಲ್ಲ. ಆಮೇಲೆ ವಾಂತಿ. ಮೈಯ ಒಂದೊಂದು ಕೀಲೂ ಕಳಚಿದಂತೆ ಆಯಿತು. ಎದ್ದು ಕೂತರೆ ಕಣ್ಣು ಕತ್ತಲೆ. ವಸ್ತಿಯವರು ಬಂದು ನೋಡಿ, ದೇವರಿಗೆ ಬೈದವನಿಗೆ ಇದೇ ಆಗುವುದು ಎಂದು ಹೇಳಿ ಚಹಾ ಕುಡಿದು ಹೋದರು. ನನಗೂ ಹಾಗೇ ಅನ್ನಿಸಿತು. ಒಯ್ದುಬಿಡು ಎಂದಿದ್ದೆನಲ್ಲ, ಒಯ್ಯಲು ಬಂದಿದ್ದಾನೆ ಎಂದುಕೊಂಡೆ. ಒಂದು ಮಧ್ಯಾಹ್ನ ನೀರು ಕುಡಿಯಲು ಎದ್ದವನು ಎಚ್ಚರ ತಪ್ಪಿ ಬಿದ್ದೆ. ರೇಣುಕಾ ರಿಕ್ಷಾದಲ್ಲಿ ಹಾಕಿಕೊಂಡು ದೊಡ್ಡ ಆಸ್ಪತ್ರೆಗೆ ಒಯ್ದಳು.

ಅಲ್ಲಿ ಒಬ್ಬಳು ಡಾಕ್ಟರ್ ಬಾಯಿ, ಅಂದರೆ ಡಾಕ್ಟರಮ್ಮ. ವಯಸ್ಸು ನನ್ನಷ್ಟೇ ಇರಬಹುದು. ಬಿಪಿ ಪಾತಾಳಕ್ಕೆ ಹೋಗಿತ್ತಂತೆ. ಸಲಾಯಿನ್ ಹಚ್ಚಿದಳು. ನನಗೆ ಎಚ್ಚರವಾದ ಮೇಲೆ ಹೊಟ್ಟೆಯ ಮೇಲಿನ ಅಂಗಿ ಸರಿಸಿ ನೋಡಿದಳು. ಅಲ್ಲಿ ನೇರಳೆ ಬಣ್ಣದ ಗೆರೆಗಳಿದ್ದವು. ಕೈ ಹಿಡಿದು ನೋಡಿದಳು, ತೆಳ್ಳಗಿತ್ತು. ಮುಖ ನೋಡಿದಳು, ದುಂಡಗಿತ್ತು. ಯಾವ ಔಷಧಿ ನಡೆದಿತ್ತು, ಯಾವಾಗ ನಿಲ್ಲಿಸಿದೆ ಎಂದು ಕೇಳಿದಳು. ಯಾವುದೂ ಇಲ್ಲ ಎಂದೆ. ಮತ್ತೆ ಕೇಳಿದಳು. ಇಲ್ಲ ಎಂದೆ. ಮೂರನೇ ಸಲ ಜೋರಾಗಿ ಕೇಳಿದಳು.

ರೇಣುಕಾ ಹೆದರಿ, “ಈಗ ಗುಳಗಿ ಏನೂ ಇಲ್ರೀ ಬಾಯಿ. ದೇವ್ರ ಭಂಡಾರ ಅಷ್ಟೇ ತಿಂತಿದ್ರು. ಅದ್ನೂ ಜೇಜೂರ್‍ಯಾಗ ಚೆಲ್ಯಾರ” ಎಂದು ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಹೇಳಿದಳು.

ಬಾಯಿ ಸ್ಟೂಲು ಎಳೆದು ಕೂತಳು. ಆ ಭಂಡಾರದಲ್ಲಿ ಏನು ಕಲಸಿತ್ತು ಎಂದಳು.

ಆಗ ಹೊರಬಂತು ದೌಂಡದ ಪುಡಿ. ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಇಂಥ ಪುಡಿಗಳಲ್ಲಿ ಸ್ಟೆರಾಯ್ಡ್ ಎಂಬ ಔಷಧಿ ಬೆರೆಸುತ್ತಾರೆ. ಅದು ಒಳ್ಳೆಯ ಔಷಧಿಯೇ. ಉಸಿರು ಕಟ್ಟಿದವರಿಗೆ, ದೊಡ್ಡ ಬೇನೆಗಳಿಗೆ ಡಾಕ್ಟರರು ಅಳತೆ ಹಿಡಿದು ಕೊಡುತ್ತಾರೆ. ಮೈ ತಾನೇ ಅಂಥದ್ದನ್ನು ಒಂದಿಷ್ಟು ತಯಾರಿಸಿಕೊಳ್ಳುತ್ತದೆ. ಹೊರಗಿನಿಂದ ದಿನವೂ ಬಂದರೆ ತಯಾರಿಸುವುದನ್ನು ಬಿಟ್ಟುಬಿಡುತ್ತದೆ. ಆಮೇಲೆ ಒಮ್ಮೆಲೇ ನಿಲ್ಲಿಸಿದರೆ ನನ್ನ ಹಾಗೆ ಬೀಳುತ್ತಾರೆ, ಸಾಯಲೂಬಹುದು. ರಕ್ತ ತಪಾಸಿಸಿದರು. ಅದೇ ಬಂತು. ನನಗೆ ಮತ್ತೆ ಅದೇ ಔಷಧಿಯನ್ನೇ ಕೊಟ್ಟರು.

“ಯಾವುದು ನನ್ನ ಕೆಡಿಸ್ತೋ ಅದ್ನೇ ಕೊಡ್ತೀರೇನ್ರಿ?” ಎಂದೆ.

ಕೊಟ್ಟು ನಿಧಾನಕ್ಕೆ ಇಳಿಸುತ್ತೇವೆ, ಸುಮ್ಮನೆ ನುಂಗು ಎಂದಳು.

ಕುಂಟುತ್ತಿದ್ದದ್ದು ಕಂಡು ಚಪ್ಪೆಯ, ಅಂದರೆ ಸೊಂಟದ ಕೀಲಿನ, ಎಕ್ಸ್‌ರೇ ತೆಗೆಸಿದಳು, ಎಂಆರ್‌ಐ ಮಾಡಿಸಿದಳು. ತೊಡೆಯ ಎಲುಬಿನ ತುದಿಯಲ್ಲಿ ಚಪ್ಪೆಯ ಕುಣಿಯೊಳಗೆ ತಿರುಗುವ ಗುಂಡು ಇರುತ್ತದೆ. ಆ ಪುಡಿ ಅದಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡಿದೆ. ರಕ್ತ ಇಲ್ಲದೆ ಎಲುಬು ಒಳಗೇ ಸತ್ತಿದೆ. ನಮ್ಮ ಕೆಲಸದಲ್ಲಿ ಇದು ದಿನವೂ ಕಾಣುತ್ತದೆ. ಕೆಳಗೆ ಸಿಮೆಂಟಿನ ಮಾಲು ಸರಿಯಾಗಿ ತುಂಬದಿದ್ದರೆ ಟೈಲ್ಸು ಮೇಲೆ ಮಿಂಚುತ್ತಿರುತ್ತದೆ, ಭಾರ ಬಿದ್ದ ದಿನ ಒಡೆಯುತ್ತದೆ. ನನ್ನ ಬಲಗಡೆಯ ಗುಂಡು ಒಡೆದು ಚಪ್ಪಟೆಯಾಗಿತ್ತು. ಎಡಗಡೆಯದೂ ಸಾಯಲು ಶುರುವಾಗಿತ್ತು. ಎಡಗಾಲು ನನಗೆ ಒಂದು ದಿನವೂ ನೋವು ಕೊಟ್ಟಿರಲಿಲ್ಲ.

“ಎಡಕಿನ ಕಾಲರ ಉಳೀತಾದೇನ್ರಿ?” ರೇಣುಕಾ ಕೇಳಿದಳು.

ಗುಂಡು ಇನ್ನೂ ಕುಸಿದಿಲ್ಲ, ಈಗ ಬಂದಿದ್ದಕ್ಕೆ ಪ್ರಯತ್ನ ಮಾಡಬಹುದು, ಇನ್ನಷ್ಟು ದಿನ ಅದನ್ನೇ ತಿನ್ನುತ್ತ ಇದ್ದಿದ್ದರೆ ಎರಡೂ ಹೋಗುತ್ತಿದ್ದವು ಎಂದಳು ಬಾಯಿ.

ನನ್ನ ಬಂಧುಗಳೇ, ನಾನು ದೇವರನ್ನು ಕಂಡದ್ದು ಈ ಮಾತಿನಲ್ಲಿ. ಗುಡ್ಡದ ಮೇಲೆ ಅಲ್ಲ. ಆ ಚೀಲ ನನ್ನ ಸೊಂಟದಲ್ಲಿ ಇದ್ದಿದ್ದರೆ ತಿನ್ನುತ್ತಲೇ ಇರುತ್ತಿದ್ದೆ. ತಿನ್ನುತ್ತ ಇದ್ದರೆ ಬೀಳುತ್ತಿರಲಿಲ್ಲ, ಬೀಳದಿದ್ದರೆ ಆಸ್ಪತ್ರೆ ಕಾಣುತ್ತಿರಲಿಲ್ಲ. ಚೆಲ್ಲಿದ ಕೈ ನನ್ನದು. ಚೆಲ್ಲಿಸಿದವನು ಅವನು. ನಾನು ಬೈದದ್ದಕ್ಕೆ ಅವನು ಕೊಟ್ಟ ಉತ್ತರ ಅದು.

ಎಡಗಡೆಗೆ ಎಲುಬಿನಲ್ಲಿ ರಂಧ್ರ ಕೊರೆದು ಹೊಸ ರಕ್ತ ಹರಿಯಲು ದಾರಿ ಮಾಡಿದರು. ಆ ಗುಂಡು ಕುಸಿಯದೆ ನಿಂತಿದೆ. ಬಲಗಡೆಗೆ ಗುಂಡು ಕತ್ತರಿಸಿ ಬೇರೆ ಕೀಲು ಕೂರಿಸಿದರು. ವಾಕರ್ ಹಿಡಿದು ಮೊದಲ ಸಲ ವಾರ್ಡಿನ ಬಾಗಿಲವರೆಗೆ ನಡೆದಾಗ ರೇಣುಕಾ ‘ಏಳುಕೋಟಿ’ ಎಂದು ಕೂಗಿದಳು. ನರ್ಸು ಗದರಿದಳು. ಪಕ್ಕದ ಮಂಚದ ಮರಾಠಿ ಮುದುಕ ಮಲಗಿದಲ್ಲಿಂದಲೇ ‘ಯೇಳಕೋಟ’ ಎಂದ.

ಮನೆಗೆ ಬಂದ ಮೇಲೆ ಆದಿತ್ಯವಾರದ ಪೂಜೆಗೆ ಹೋದೆ. ಎಲ್ಲರೂ ನೆಲದಲ್ಲಿ, ನಾನೊಬ್ಬ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಕಾಕಾ, “ಅಪ್ಪನ ಭಂಡಾರದ ಮಹಿಮಾ ನಾಕ್ ಮಂದಿಗಿ ಹೇಳಪಾ” ಎಂದರು. ಹೇಳಿದೆ. ಪುಡಿಯ ಮಾತೂ ಹೇಳಿದೆ.

“ದೇವ್ರ ಪ್ರಸಾದಕ್ಕ ವಿಷ ಅಂತೀಯೇನ್ಲೇ?” ಎಂದು ಒಬ್ಬ ಎದ್ದ.

“ಭಂಡಾರಕ್ಕ ಅನ್ನಂಗಿಲ್ಲ. ಅದ್ರಾಗ ಕಲಸಿದ್ದಕ್ಕ ಅಂತೀನಿ.”

“ನಾನೂ ತಿಂತೀನಿ. ನನಗೇನಾಗ್ಯಾದ?” ಎಂದರು ಕಾಕಾ. ಅವರ ಮುಖ ತಟ್ಟೆಯಷ್ಟು ದುಂಡಗಾಗಿತ್ತು. ಕಾಲುಗಳು ಕಡ್ಡಿಯಂತಾಗಿದ್ದವು. ಗೋಡೆ ಹಿಡಿಯದೆ ಏಳಲು ಆಗುತ್ತಿರಲಿಲ್ಲ. ಅದನ್ನೂ ಹೇಳಿದೆ. ನನ್ನ ಮಾತು ಮುಗಿಯುವ ಮೊದಲೇ ಹಲಗೆ ಬಡಿಯಲು ಶುರುಮಾಡಿದರು. ಬಾಯಿಂದ ಹೇಳಲು ಬಿಡಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಪುಡಿ ತಿನ್ನುತ್ತಿರುವವರೇ, ನನ್ನ ಹಾಗೆ ಒಮ್ಮೆಲೇ ಬಿಡಬೇಡಿ, ಸಾಯುತ್ತೀರಿ. ಡಾಕ್ಟರ್ ಹತ್ತಿರ ಹೋಗಿ. ‘ಭಂಡಾರ’ ಎಂದು ಹೇಳಬೇಡಿ, ‘ಪುಡಿ’ ಎಂದು ಹೇಳಿ. ಭಂಡಾರ ಹಣೆಗೆ ಹಚ್ಚಿಕೊಳ್ಳಿ. ಅವನ ಹೆಸರಿನಲ್ಲಿ ಯಾರೋ ಕಲಸಿದ್ದನ್ನು ತಿಂದು ತಪ್ಪನ್ನು ಅವನ ಮೇಲೆ ಹಾಕಬೇಡಿ.

ಹೋದ ವಾರ ಎಲ್ಲರೂ ಎದ್ದುಹೋದ ಮೇಲೆ ಕಾಕಾ ನನ್ನ ಕುರ್ಚಿ ಹಿಡಿದು ನಿಂತರು. “ಆ ಡಾಕ್ಟರ್ ಬಾಯಿ ಯಾವ್ಯಾವ ವಾರ ಇರ್ತಾಳ?” ಎಂದು ಮೆಲ್ಲಗೆ ಕೇಳಿದರು. ಹೇಳಿದೆ. ಕರೆದುಕೊಂಡು ಹೋಗುತ್ತೇನೆ. ಆದರೆ ಅವರ ಮೇಲಿನ ಸಿಟ್ಟು ಇಳಿದಿಲ್ಲ. ದೇವರು ಇಳಿಸಿದರೆ ಇಳಿಯಲಿ.

ನಾನು ಇನ್ನು ಕುಕ್ಕರುಗಾಲಿನಲ್ಲಿ ಕೂರುವಂತಿಲ್ಲ. ನೆಲದ ಕೆಲಸ ಹೋಯಿತು. ಗೋಡೆಯ ಟೈಲ್ಸು ನಿಂತು ಹಾಕುತ್ತೇನೆ, ಸೊಂಟದ ಮಟ್ಟದಿಂದ ಮೇಲೆ. ಕೆಳಗಿನ ಸಾಲು ಬೇರೆಯವನು ಹಾಕುತ್ತಾನೆ. ಕೈಗೆ ಒಲಿದಿದ್ದ ಕೆಲಸ ಹೋದದ್ದಕ್ಕೆ ಸಂಕಟ ಇದೆ, ಇಲ್ಲ ಎಂದರೆ ಸುಳ್ಳಾಗುತ್ತದೆ. ಕಾಲು ಕೊಡು ಎಂದು ಕೇಳಿದ್ದೆ, ಕೊಟ್ಟ. ನಡೆದುಕೊಂಡು ಕೆಲಸಕ್ಕೆ ಹೋಗುತ್ತಿದ್ದೇನೆ. ಮೈಲಾರಪ್ಪನ ಪಾದಕ್ಕೆ ಶರಣು. ಇನ್ನು ಹೇಳುವುದು ಏನೂ ಇಲ್ಲ.